ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟುವವರು: ವದಂತಿ, ಹಗೆತನ ಮತ್ತು ವಿಮರ್ಶನ ಶಿಕ್ಷಣದ ಜಾನಪದ ನೆಲೆಗಳು

ಜಾನಪದ ಅಧ್ಯಯನವು ಕಥೆ, ಗೀತೆ, ಗಾದೆ, ಒಗಟು, ಆಚರಣೆಗಳಿಗೆ ಕೊಟ್ಟಷ್ಟು ಗಮನವನ್ನು ವದಂತಿಗೆ ಕೊಟ್ಟಿಲ್ಲ. ವದಂತಿಯ ಆಯುಷ್ಯ ಚಿಕ್ಕದು, ಅದಕ್ಕೆ ಖಚಿತವಾದ ಪಠ್ಯವಿಲ್ಲ, ಅದನ್ನು ಹಾಡುವ ಕಲಾವಿದನಿಲ್ಲ ಎಂಬುವು ಈ ಅವಗಣನೆಗೆ ಕಾರಣವಾಗಿರಬಹುದು. ಆದರೆ ಬಾಯಿಂದ ಬಾಯಿಗೆ ಹರಿಯುವುದು, ಕರ್ತೃವಿನ ಹೆಸರಿಲ್ಲದಿರುವುದು, ಸಮುದಾಯದ ನಂಬಿಕೆ ಹಾಗೂ ಭಯಗಳನ್ನು ಒಳಗೊಳ್ಳುವುದು, ಸಂದರ್ಭಕ್ಕೆ ತಕ್ಕಂತೆ ಪಾಠಾಂತರಗಳನ್ನು ಪಡೆಯುವುದು ಇವೆಲ್ಲವೂ ಜಾನಪದದ ಮೂಲ ಲಕ್ಷಣಗಳೇ ಆಗಿವೆ. ಈ ಎಲ್ಲ ಲಕ್ಷಣಗಳೂ ವದಂತಿಯಲ್ಲಿವೆ. ಹೀಗಾಗಿ ವದಂತಿಯು ಸಮಾಜಶಾಸ್ತ್ರ, ಮನಶ್ಶಾಸ್ತ್ರ, ಪತ್ರಿಕೋದ್ಯಮಗಳಿಗೆ ಸೇರಿದಷ್ಟೇ ಜಾನಪದಕ್ಕೂ ಸೇರಿದ ವಿಷಯವಾಗಿದೆ.

ಇದು ಕೇವಲ ಶಾಸ್ತ್ರದ ಎಲ್ಲೆಗೆ ಸಂಬಂಧಿಸಿದ ಪ್ರಶ್ನೆಯಲ್ಲ. ೨೦೧೮ರ ಜುಲೈ ೧ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾ ಎಂಬ ಊರಿನಲ್ಲಿ ಐವರನ್ನು ಮಕ್ಕಳ ಕಳ್ಳರೆಂದು ಶಂಕಿಸಿ ಗುಂಪೊಂದು ಹೊಡೆದು ಕೊಂದಿತು. ಅವರು ಸೋಲಾಪುರದ ಕಡೆಯಿಂದ ಬಂದಿದ್ದ, ಊರೂರು ಸುತ್ತಿ ಭಿಕ್ಷೆ ಬೇಡಿ ಬದುಕುವ ನಾಥಪಂಥಿ ಡವರಿ ಗೋಸಾವಿ ಎಂಬ ಅಲೆಮಾರಿ ಸಮುದಾಯಕ್ಕೆ ಸೇರಿದವರು. ಯಾವ ಅಲೆಮಾರಿ ಸಮುದಾಯಗಳು ಶತಮಾನಗಳ ಕಾಲ ಮೌಖಿಕ ಪರಂಪರೆಯನ್ನು ಹೊತ್ತು ತಿರುಗಿದವೋ, ಅಂಥ ಸಮುದಾಯದ ಜನರೇ ಹೊಸ ಕಾಲದ ಮೌಖಿಕತೆಗೆ ಬಲಿಯಾದರು. ಈ ಘಟನೆ ಜಾನಪದ ವಿದ್ವಾಂಸರ ಮುಂದಿಡುವ ಪ್ರಶ್ನೆಗಳನ್ನು ಪರಿಶೀಲಿಸುವುದು, ವದಂತಿಯನ್ನು ಎದುರಿಸಬಲ್ಲ ವಿಮರ್ಶನ ಶಿಕ್ಷಣಕ್ಕೆ ಜಾನಪದದಲ್ಲಿಯೇ ಇರುವ ಆಧಾರಗಳನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವದಂತಿ: ಪದ ಮತ್ತು ಪರಿಕಲ್ಪನೆ

ಕನ್ನಡದಲ್ಲಿ ಈ ಕ್ಷೇತ್ರಕ್ಕೆ ಸಂಬಂಧಿಸಿದ ಪದಸಂಪತ್ತು ಸಮೃದ್ಧವಾಗಿದೆ. ಗಾಳಿಮಾತು, ಗಾಳಿಸುದ್ದಿ, ಪುಕಾರು, ಗುಲ್ಲು, ಗುಸುಗುಸು, ಚಾಡಿ, ಅಪವಾದ ಎಂಬ ಪದಗಳು ಮೇಲ್ನೋಟಕ್ಕೆ ಸಮಾನಾರ್ಥಕಗಳೆನಿಸಿದರೂ ಒಂದೊಂದಕ್ಕೂ ಒಂದೊಂದು ಛಾಯೆಯಿದೆ. ಚಾಡಿಗೆ ಹೇಳುವವನೂ ಉಂಟು, ಉದ್ದೇಶವೂ ಉಂಟು. ಅಪವಾದಕ್ಕೆ ಗುರಿಯಾದ ವ್ಯಕ್ತಿ ಉಂಟು. ಗುಲ್ಲಿಗೆ ಸದ್ದು ಉಂಟು, ಗುಸುಗುಸುವಿಗೆ ಗುಟ್ಟು ಉಂಟು. ಗಾಳಿಮಾತಿಗೆ ಮಾತ್ರ ಒಡೆಯನಿಲ್ಲ. ಅದು ಎಲ್ಲಿಂದ ಬಂತು ಎಂದು ಕೇಳಿದರೆ ಗಾಳಿಯ ಕಡೆಗೆ ಕೈತೋರಿಸಬೇಕಾಗುತ್ತದೆ. ಹೊಣೆಗಾರನಿಲ್ಲದ ಮಾತು ಎಂಬುದೇ ವದಂತಿಯ ಮುಖ್ಯ ಲಕ್ಷಣವೆಂಬುದನ್ನು ಜನಪದರು ಈ ಒಂದು ಪದದಲ್ಲಿಯೇ ಹಿಡಿದಿಟ್ಟಿದ್ದಾರೆ.

ಗಾದೆಗಳಲ್ಲಿ ಈ ಕುರಿತು ಎರಡು ಧಾರೆಗಳಿವೆ. ‘ಬೆಂಕಿಯಿಲ್ಲದೆ ಹೊಗೆಯಾಡದು’ ಎಂಬುದು ಒಂದು ಧಾರೆ. ಹಬ್ಬಿದ ಮಾತಿಗೆ ಏನಾದರೂ ಆಧಾರ ಇದ್ದೇ ಇರುತ್ತದೆ ಎಂಬುದು ಅದರ ನಿಲುವು. ‘ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ’, ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬುವು ಇನ್ನೊಂದು ಧಾರೆ. ಮೊದಲನೆಯದು ನಂಬಿಕೆಯ ಪರವಾದರೆ ಎರಡನೆಯದು ಪರೀಕ್ಷೆಯ ಪರ. ಒಂದೇ ಸಮಾಜದ ಬಾಯಲ್ಲಿ ಎರಡೂ ಜೊತೆಯಾಗಿ ಉಳಿದು ಬಂದಿರುವುದು ಗಮನಾರ್ಹ. ಜನಪದ ಮನಸ್ಸು ಮೂಲತಃ ಮುಗ್ಧ, ಕೇಳಿದ್ದನ್ನೆಲ್ಲ ನಂಬುತ್ತದೆ ಎಂಬ ನಗರದ ವಿದ್ಯಾವಂತರ ಅಭಿಪ್ರಾಯ ಸರಿಯಲ್ಲವೆಂಬುದಕ್ಕೆ ಇದೊಂದೇ ಸಾಕ್ಷಿ ಸಾಕು.

ವದಂತಿಯ ವೈಜ್ಞಾನಿಕ ಅಧ್ಯಯನದಲ್ಲಿ ಗಾರ್ಡನ್ ಆಲ್‌ಪೋರ್ಟ್ ಮತ್ತು ಲಿಯೊ ಪೋಸ್ಟ್‌ಮನ್ ಅವರ ೧೯೪೭ರ ಗ್ರಂಥ ಒಂದು ಮೈಲಿಗಲ್ಲು. ವಿಷಯದ ಮಹತ್ವ ಮತ್ತು ಅದರ ಅಸ್ಪಷ್ಟತೆ ಇವೆರಡರ ಗುಣಲಬ್ಧವೇ ವದಂತಿಯ ತೀವ್ರತೆ ಎಂದು ಅವರು ಸೂತ್ರೀಕರಿಸಿದರು. ಕೂಡಿಸುವುದಲ್ಲ, ಗುಣಿಸುವುದು ಎಂಬುದು ಇಲ್ಲಿ ಮುಖ್ಯ. ಎರಡರಲ್ಲಿ ಒಂದು ಸೊನ್ನೆಯಾದರೂ ವದಂತಿ ಹುಟ್ಟುವುದಿಲ್ಲ. ಒಂದು ಚಿತ್ರವನ್ನು ಕಂಡವನು ಕಾಣದವನಿಗೆ ವಿವರಿಸಿ, ಅವನು ಮತ್ತೊಬ್ಬನಿಗೆ ವಿವರಿಸುತ್ತ ಹೋಗುವ ಪ್ರಯೋಗವನ್ನೂ ಅವರು ನಡೆಸಿದರು. ಐದಾರು ಬಾಯಿ ದಾಟುವಷ್ಟರಲ್ಲಿ ಸುಮಾರು ಶೇಕಡ ೭೦ರಷ್ಟು ವಿವರಗಳು ಉದುರಿಹೋಗುತ್ತಿದ್ದವು. ಉಳಿದ ಕೆಲವೇ ವಿವರಗಳು ಹರಿತವಾಗುತ್ತಿದ್ದವು. ಹಾಗೆ ಉಳಿದವು ಹೇಳುವವನ ಪೂರ್ವಗ್ರಹಕ್ಕೆ ತಕ್ಕಂತೆ ಹೊಂದಿಕೊಳ್ಳುತ್ತಿದ್ದವು. ರೈಲುಗಾಡಿಯೊಳಗಿನ ಒಂದು ಚಿತ್ರದಲ್ಲಿ ಬಿಳಿಯನ ಕೈಯಲ್ಲಿದ್ದ ಕ್ಷೌರದ ಕತ್ತಿಯು ಅರ್ಧಕ್ಕಿಂತ ಹೆಚ್ಚು ಪ್ರಯೋಗಗಳಲ್ಲಿ ಯಾವುದೋ ಒಂದು ಹಂತದಲ್ಲಿ ಕರಿಯನ ಕೈಗೆ ವರ್ಗವಾಗಿತ್ತು. ಹಗೆತನವು ಸುದ್ದಿಯ ವಿವರವನ್ನು ಹೇಗೆ ತಿದ್ದುತ್ತದೆ ಎಂಬುದಕ್ಕೆ ಇದು ಅಮೆರಿಕದ ಜನಾಂಗೀಯ ಪರಿಸರ ಒದಗಿಸಿದ ನಿದರ್ಶನ.

ಭಾರತದಲ್ಲಿ ಇದಕ್ಕೂ ಹಿಂದೆಯೇ ಮಹತ್ವದ ಕೆಲಸ ನಡೆದಿತ್ತೆಂಬುದನ್ನು ನೆನೆಯಬೇಕು. ೧೯೩೪ರ ಜನವರಿ ೧೫ರ ಬಿಹಾರ ಭೂಕಂಪದ ನಂತರ ಹರಡಿದ ವದಂತಿಗಳನ್ನು ಜಮುನಾ ಪ್ರಸಾದ್ ಎಂಬ ಮನಶ್ಶಾಸ್ತ್ರಜ್ಞರು ಸಂಗ್ರಹಿಸಿ ೧೯೩೫ರಲ್ಲಿ ಪ್ರಕಟಿಸಿದರು. ನೆಲ ನಡುಗಿದ್ದರೂ ಹಾನಿಯಾಗದ ಪ್ರದೇಶದ ಜನರಲ್ಲಿ, ಮುಂದೆ ಇನ್ನೂ ಘೋರವಾದದ್ದು ಸಂಭವಿಸಲಿದೆ ಎಂಬ ವದಂತಿಗಳು ಹಬ್ಬಿದ್ದವು. ಲಿಯಾನ್ ಫೆಸ್ಟಿಂಗರ್ ೧೯೫೭ರಲ್ಲಿ ಮಂಡಿಸಿದ ಅರಿವಿನ ಅಸಾಂಗತ್ಯದ ಸಿದ್ಧಾಂತಕ್ಕೆ ಪ್ರೇರಣೆ ಒದಗಿಸಿದ್ದು ಈ ಸಾಮಗ್ರಿಯೇ. ಈ ವದಂತಿಗಳು ಭಯವನ್ನು ಹುಟ್ಟಿಸಲಿಲ್ಲ. ಮೊದಲೇ ಹುಟ್ಟಿದ್ದ ಭಯಕ್ಕೆ ಸಮರ್ಥನೆ ಒದಗಿಸಿದವು ಎಂಬುದು ಅವರ ವಿವರಣೆ. ವದಂತಿ ಮತ್ತು ರಾಜಕೀಯ ಹಗೆತನಗಳ ಸಂಬಂಧವನ್ನು ಅರಿಯಲು ಈ ಒಳನೋಟ ಕೀಲಿಕೈಯಂತಿದೆ. ಅನ್ಯರ ಬಗೆಗಿನ ಅನುಮಾನ ಮೊದಲೇ ಮನೆಮಾಡಿರುತ್ತದೆ. ಸುದ್ದಿಯು ಅದಕ್ಕೆ ಕಾರಣವನ್ನು ತಂದುಕೊಡುತ್ತದೆ.

ಮೂರು ಬಗೆಯ ವದಂತಿಗಳು

ಎಲ್ಲ ವದಂತಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಕರ್ನಾಟಕದ ಅನುಭವದ ಹಿನ್ನೆಲೆಯಲ್ಲಿ ಮೂರು ಬಗೆಗಳನ್ನು ಗುರುತಿಸಬಹುದು.

ಮೊದಲನೆಯದು ಯಾರಿಗೂ ಕೇಡು ಬಯಸದ ವದಂತಿ. ೧೯೯೦ರ ದಶಕದಲ್ಲಿ ಬೆಂಗಳೂರೂ ಸೇರಿದಂತೆ ರಾಜ್ಯದ ಹಲವೆಡೆ ಮನೆಯ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂಬ ಬರಹ ಕಾಣಿಸಿಕೊಂಡಿತು. ರಾತ್ರಿಯ ಹೊತ್ತು ದೆವ್ವವೊಂದು ಪರಿಚಿತರ ದನಿಯಲ್ಲಿ ಕರೆಯುತ್ತದೆ, ಓಗೊಟ್ಟವರು ಸಾಯುತ್ತಾರೆ, ಬಾಗಿಲ ಮೇಲಿನ ಬರಹವನ್ನು ಓದಿ ಅದು ಹಿಂದಿರುಗುತ್ತದೆ, ಮರುದಿನವೂ ಅದನ್ನೇ ಓದಿ ಮತ್ತೆ ಹಿಂದಿರುಗುತ್ತದೆ ಎಂಬುದು ಅದರ ತಿರುಳು. ದೆವ್ವವನ್ನು ಮಾತಿನಿಂದಲೇ ಮೋಸಗೊಳಿಸುವ ಈ ಉಪಾಯದಲ್ಲಿ ಜನಪದ ಕಥೆಗಳ ಜಾಣತನವಿದೆ. ಇಲ್ಲಿ ಭಯವಿತ್ತು, ಆದರೆ ಶತ್ರುವಿನ ಸ್ಥಾನದಲ್ಲಿ ಯಾವ ಜಾತಿಯಾಗಲಿ, ಧರ್ಮವಾಗಲಿ, ಊರಾಗಲಿ ಇರಲಿಲ್ಲ. ೧೯೯೫ರ ಸೆಪ್ಟೆಂಬರ್ ೨೧ರಂದು ದೇಶದಾದ್ಯಂತ ಗಣಪತಿ ವಿಗ್ರಹಗಳು ಹಾಲು ಕುಡಿಯುತ್ತಿವೆ ಎಂದು ಹಬ್ಬಿದ ಸುದ್ದಿಯೂ ಈ ಬಗೆಗೆ ಸೇರುವಂಥದು.

ಎರಡನೆಯದು ಅಧಿಕಾರವಿಲ್ಲದವರ ವದಂತಿ. ೧೮೫೭ರ ಸಂದರ್ಭದಲ್ಲಿ ತೋಟಾಗಳಿಗೆ ಹಸು ಮತ್ತು ಹಂದಿಯ ಕೊಬ್ಬು ಸವರಲಾಗಿದೆ, ಹಿಟ್ಟಿನಲ್ಲಿ ಮೂಳೆಯ ಪುಡಿ ಬೆರೆಸಲಾಗಿದೆ ಎಂಬ ಮಾತುಗಳು ಹಬ್ಬಿದ್ದು ಪ್ರಸಿದ್ಧ. ರಣಜಿತ್ ಗುಹಾ ಅವರು ವಸಾಹತುಕಾಲದ ರೈತಬಂಡಾಯಗಳನ್ನು ಕುರಿತ ತಮ್ಮ ೧೯೮೩ರ ಗ್ರಂಥದಲ್ಲಿ ವದಂತಿಯನ್ನು ಬಂಡಾಯದ ಸಂವಹನ ಮಾಧ್ಯಮವೆಂದು ವಿವರವಾಗಿ ಚರ್ಚಿಸಿದ್ದಾರೆ. ಬರಹ ಆಳುವವರ ಕೈಯಲ್ಲಿದ್ದಾಗ ಮಾತು ಆಳಿಸಿಕೊಳ್ಳುವವರ ಕೈಯಲ್ಲಿತ್ತು. ಫ್ರಾನ್ಸಿನಲ್ಲಿ ೧೭೮೯ರ ಬೇಸಗೆಯಲ್ಲಿ ಶ್ರೀಮಂತವರ್ಗವು ಡಕಾಯಿತರನ್ನು ಛೂಬಿಟ್ಟಿದೆ ಎಂಬ ಭೀತಿ ಹಳ್ಳಿಯಿಂದ ಹಳ್ಳಿಗೆ ಹಬ್ಬಿದ ಬಗೆಯನ್ನು ಜಾರ್ಜ್ ಲೆಫೆವ್ರ್ ೧೯೩೨ರಲ್ಲಿ ದಾಖಲಿಸಿದರು. ಡಕಾಯಿತರು ಬರಲಿಲ್ಲ, ಆದರೆ ರೈತರ ಸಂಕಟ ನಿಜವಾಗಿತ್ತು. ಆದ್ದರಿಂದ ವದಂತಿಯೆಂದ ಕೂಡಲೇ ಅದು ಅಜ್ಞಾನಿಗಳ ಮಾತೆಂದು ತಳ್ಳಿಹಾಕುವುದು ಸಲ್ಲದು. ಅಧಿಕೃತ ಮೂಲಗಳಿಂದ ಸತ್ಯ ದೊರೆಯದಿರುವಾಗ ಜನ ತಮ್ಮೊಳಗೇ ಸುದ್ದಿಯನ್ನು ಕಟ್ಟಿಕೊಳ್ಳುತ್ತಾರೆ.

ಮೂರನೆಯದು ಹಗೆತನದ ವದಂತಿ. ಇದರಲ್ಲಿ ಒಂದು ನಿರ್ದಿಷ್ಟ ಸಮುದಾಯ, ಭಾಷೆ, ಪ್ರದೇಶ ಅಥವಾ ಪಕ್ಷಕ್ಕೆ ಸೇರಿದವರು ಕೇಡಿನ ಮೂಲವಾಗಿ ನಿಲ್ಲುತ್ತಾರೆ. ಹಿಂದಿನ ಎರಡು ಬಗೆಗಳ ಕಥನಶಕ್ತಿಯನ್ನೂ ಇದು ಬಳಸಿಕೊಳ್ಳುತ್ತದೆ: ಮೊದಲನೆಯದರಿಂದ ಭಯವನ್ನು, ಎರಡನೆಯದರಿಂದ ಅನ್ಯಾಯಕ್ಕೊಳಗಾದವರ ದನಿಯನ್ನು. ಬಲಾಢ್ಯರೇ ಹಬ್ಬಿಸಿದ ಮಾತು ಕೂಡ ಇಲ್ಲಿ ದುರ್ಬಲರ ದೂರಿನ ವೇಷ ತೊಡುತ್ತದೆ. ಈ ವೇಷವನ್ನು ಗುರುತಿಸದಿರುವುದರಿಂದಲೇ ಇಂದಿನ ಅನೇಕ ಅನರ್ಥಗಳು ಸಂಭವಿಸುತ್ತಿವೆ.

೨೦೧೨ ಮತ್ತು ೨೦೧೮: ಎರಡು ನಿದರ್ಶನಗಳು

೨೦೧೨ರ ಜುಲೈ ತಿಂಗಳಲ್ಲಿ ಅಸ್ಸಾಮಿನ ಕೊಕ್ರಝಾರ್ ಮತ್ತು ಸುತ್ತಲಿನ ಪ್ರದೇಶಗಳಲ್ಲಿ ಬೋಡೊ ಸಮುದಾಯ ಹಾಗೂ ಬಂಗಾಳಿ ಭಾಷಿಕ ಮುಸ್ಲಿಮರ ನಡುವೆ ಹಿಂಸಾಚಾರ ನಡೆಯಿತು. ಇದರ ಬೆನ್ನಲ್ಲೇ ಬೆಂಗಳೂರಿನಲ್ಲಿ ನೆಲೆಸಿದ್ದ ಈಶಾನ್ಯ ರಾಜ್ಯಗಳ ವಿದ್ಯಾರ್ಥಿಗಳು, ಭದ್ರತಾ ಸಿಬ್ಬಂದಿ, ಹೋಟೆಲು ಹಾಗೂ ಸೌಂದರ್ಯ ಮಳಿಗೆಗಳ ನೌಕರರ ಮೇಲೆ ದಾಳಿ ನಡೆಯಲಿದೆ ಎಂಬ ಸಂದೇಶಗಳು ಮೊಬೈಲ್‌ಗಳಲ್ಲಿ ಹರಿದಾಡಿದವು. ಆಗಸ್ಟ್ ೧೫ರಿಂದ ಕೆಲವೇ ದಿನಗಳಲ್ಲಿ ಸಾವಿರಾರು ಜನ ಬೆಂಗಳೂರು ನಗರ ರೈಲು ನಿಲ್ದಾಣಕ್ಕೆ ಬಂದು ಸೇರಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಓಡಿಸಬೇಕಾಯಿತು. ಕೇಂದ್ರ ಸರ್ಕಾರ ಸಾಮೂಹಿಕ ಎಸ್ಸೆಮ್ಮೆಸ್ ರವಾನೆಯನ್ನು ೧೫ ದಿನ ನಿಷೇಧಿಸಿತು. ಸಂದೇಶಗಳು ಹೇಳಿದಂಥ ಸಾಮೂಹಿಕ ದಾಳಿ ನಡೆಯಲಿಲ್ಲ. ಆದರೆ ಸಾವಿರಾರು ಜನರ ಓದು, ಉದ್ಯೋಗ, ನೆಮ್ಮದಿಗಳು ನಿಜವಾಗಿಯೇ ಕೆಟ್ಟವು. ಟಿಬೆಟ್ ಪ್ರಸ್ಥಭೂಮಿಯಲ್ಲಿ ೨೦೧೦ರಲ್ಲಿ ಸಂಭವಿಸಿದ ಭೂಕಂಪದ ಚಿತ್ರಗಳನ್ನು ಮ್ಯಾನ್ಮಾರಿನ ಮುಸ್ಲಿಮರ ಹತ್ಯೆಯ ಚಿತ್ರಗಳೆಂದು ಹಂಚಲಾಗಿದ್ದುದೂ ಆ ದಿನಗಳಲ್ಲಿಯೇ ಬಯಲಾಯಿತು. ಶವಗಳ ನಡುವೆ ನಿಂತಿದ್ದ ಬೌದ್ಧ ಭಿಕ್ಷುಗಳು ಪರಿಹಾರಕಾರ್ಯಕ್ಕೆ ಬಂದವರಾಗಿದ್ದರು. ಸುಳ್ಳು ವಿವರಣೆ ಅವರನ್ನೇ ಕೊಲೆಗಾರರನ್ನಾಗಿ ಮಾಡಿತ್ತು.

೨೦೧೮ರ ಮಕ್ಕಳ ಕಳ್ಳರ ವದಂತಿ ಇದಕ್ಕಿಂತಲೂ ಭೀಕರ ಪರಿಣಾಮ ಬೀರಿತು. ಮೇ ೨೩ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬ ಗುಂಪಿನ ಹೊಡೆತಕ್ಕೆ ಸಿಕ್ಕಿ ಮೃತಪಟ್ಟನು. ಜುಲೈ ೧೩ರಂದು ಬೀದರ್ ಜಿಲ್ಲೆಯಲ್ಲಿ, ಹೈದರಾಬಾದಿನಿಂದ ಕಾರಿನಲ್ಲಿ ಬಂದಿದ್ದ ಸ್ನೇಹಿತರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಹಂಚಿದ್ದೇ ಶಂಕೆಗೆ ಕಾರಣವಾಯಿತು. ಸುದ್ದಿ ಕಾರಿಗಿಂತ ವೇಗವಾಗಿ ಮುಂದಿನ ಊರನ್ನು ತಲುಪಿತು. ಮುರ್ಕಿ ಎಂಬಲ್ಲಿ ರಸ್ತೆಗೆ ಅಡ್ಡಗಟ್ಟಿ ನಿಂತಿದ್ದ ಜನರ ಕೈಗೆ ಅವರು ಸಿಕ್ಕಿದರು. ಒಬ್ಬ ಯುವ ಎಂಜಿನಿಯರ್ ಸತ್ತನು, ಉಳಿದವರು ಗಾಯಗೊಂಡರು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು.

ಆ ತಿಂಗಳುಗಳಲ್ಲಿ ಅತಿ ಹೆಚ್ಚು ಹಂಚಿಕೆಯಾದ ದೃಶ್ಯವೊಂದರಲ್ಲಿ ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ವಾಸ್ತವವಾಗಿ ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರ ಮೂಡಿಸಲೆಂದು ತಯಾರಿಸಿದ ಕಿರುಚಿತ್ರ. ಮೂಲದಲ್ಲಿ ಬೈಕಿನವರು ಕೂಡಲೇ ಹಿಂದಿರುಗಿ, ಮಗುವನ್ನು ಇಳಿಸಿ, ಎಚ್ಚರಿಕೆಯ ಫಲಕವನ್ನು ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಕತ್ತರಿಸಿದ್ದರಿಂದ ಎಚ್ಚರಿಕೆಯೇ ಅಪರಾಧದ ಸಾಕ್ಷಿಯಾಯಿತು.

ಈ ಎರಡು ನಿದರ್ಶನಗಳು ಆಲ್‌ಪೋರ್ಟ್ ಮತ್ತು ಪೋಸ್ಟ್‌ಮನ್ ಅವರ ವಿವರಣೆಗೆ ಒಂದು ತಿದ್ದುಪಡಿಯನ್ನು ಬೇಡುತ್ತವೆ. ದಕ್ಷಿಣ ಭಾರತದಲ್ಲಿ ಪ್ರಚಲಿತವಾಗಿರುವ ಹಾಸ್ಯಕಥೆಯೊಂದರಲ್ಲಿ ಒಬ್ಬನು ಕಾಗೆಯಷ್ಟು ಕಪ್ಪಗೆ ವಾಂತಿ ಮಾಡಿಕೊಂಡನೆಂಬ ಮಾತು, ಬಾಯಿಂದ ಬಾಯಿಗೆ ಹೋಗುತ್ತ, ಕಾಗೆಯನ್ನೇ ಕಾರಿಕೊಂಡ, ಮೂರು ಕಾಗೆ ಕಾರಿಕೊಂಡ ಎಂದು ಬೆಳೆಯುತ್ತದೆ. ಮೌಖಿಕ ಪ್ರಸರಣದಲ್ಲಿ ಪಠ್ಯ ಹೀಗೆ ಬದಲಾಗುತ್ತದೆ. ಯಂತ್ರದ ಮೂಲಕ ಮುಂದಕ್ಕೆ ಕಳಿಸಿದ ಸಂದೇಶದಲ್ಲಿ ಪಠ್ಯ ಬದಲಾಗುವುದಿಲ್ಲ. ಮೊದಲ ಪ್ರತಿ ಹೇಗಿತ್ತೋ ಲಕ್ಷದ ಪ್ರತಿಯೂ ಹಾಗೆಯೇ ಇರುತ್ತದೆ. ಬದಲಾಗುವುದು ಸಂದರ್ಭ. ಕರಾಚಿ ಬೆಂಗಳೂರಾಗುತ್ತದೆ, ಭೂಕಂಪ ಹತ್ಯಾಕಾಂಡವಾಗುತ್ತದೆ, ಹಳೆಯದು ನಿನ್ನೆಯದಾಗುತ್ತದೆ. ಮೌಖಿಕ ವದಂತಿಯಲ್ಲಿ ಉತ್ಪ್ರೇಕ್ಷೆಯೇ ಅನುಮಾನಕ್ಕೆ ಎಡೆಮಾಡುತ್ತಿತ್ತು. ಮೂರು ಕಾಗೆ ಎಂದಾಗ ಯಾರಾದರೊಬ್ಬರು ನಗುತ್ತಿದ್ದರು. ಚಿತ್ರಸಹಿತ ಸಂದೇಶದಲ್ಲಿ ಆ ನಗೆಗೆ ಆಸ್ಪದವಿಲ್ಲ. ಕಣ್ಣಿಗೆ ಕಂಡದ್ದೆಂಬ ಭ್ರಮೆ ಪ್ರಮಾಣಿಸಿ ನೋಡುವ ಅಗತ್ಯವನ್ನೇ ಮರೆಸುತ್ತದೆ.

ಮಕ್ಕಳ ಕಳ್ಳರ ಭೀತಿಯೂ ಹೊಸದಲ್ಲ. ಕೆರೆ, ಕೋಟೆ, ಸೇತುವೆಗಳು ನಿಲ್ಲಬೇಕಾದರೆ ನರಬಲಿ ಬೇಕೆಂಬ ಆಶಯ ಜಗತ್ತಿನ ಅನೇಕ ಜನಪದ ಕಥನಗಳಲ್ಲಿದೆ. ಕನ್ನಡದ ‘ಕೆರೆಗೆ ಹಾರ’ ಈ ಆಶಯದ ಅತ್ಯಂತ ಪರಿಚಿತ ರೂಪ. ಬೋರ್ನಿಯೊ ದ್ವೀಪದಲ್ಲಿ ದೊಡ್ಡ ಕಾಮಗಾರಿಗಳ ಕಾಲದಲ್ಲಿ ಬಲಿಗಾಗಿ ಅಪಹರಣ ನಡೆಯುತ್ತಿದೆ ಎಂಬ ವದಂತಿಗಳು ಮರುಕಳಿಸುವುದನ್ನು ರಿಚರ್ಡ್ ಡ್ರೇಕ್ ೧೯೮೯ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ. ಮಕ್ಕಳನ್ನು ಹೆದರಿಸಲು ಹೇಳುವ ಗುಮ್ಮ, ಜೋಳಿಗೆಯವನು, ಚೀಲದವನು ಇವರೂ ಇದೇ ಬಳಗದವರು. ಕಥೆಯೊಳಗೆ ಈ ಪಾತ್ರಗಳಿಂದ ಅಪಾಯವಿಲ್ಲ. ಆದರೆ ಕಥೆಯನ್ನು ನಿಜವೆಂದು ನಂಬಿ ಅದರಂತೆ ನಡೆದುಕೊಳ್ಳುವ ಪ್ರವೃತ್ತಿಯ ಬಗ್ಗೆ ಲಿಂಡಾ ಡೇಗ್ ಮತ್ತು ಆಂಡ್ರೂ ವಾಜೊನ್ಯಿ ೧೯೮೩ರಲ್ಲಿಯೇ ಜಾನಪದ ವಿದ್ವಾಂಸರ ಗಮನ ಸೆಳೆದಿದ್ದರು. ಐತಿಹ್ಯವನ್ನು ಹೇಳುವುದಷ್ಟೇ ಅಲ್ಲ, ಜನ ಅದನ್ನು ಮಾಡಿಯೂ ತೋರಿಸುತ್ತಾರೆ ಎಂಬುದು ಅವರ ವಾದದ ಸಾರ. ಮುರ್ಕಿ ಮತ್ತು ರೈನ್‌ಪಾಡಾಗಳಲ್ಲಿ ನಡೆದದ್ದು ಅದೇ: ಜೋಳಿಗೆಯವನ ಕಥೆ ಕೇಳಿ ಬೆಳೆದವರು ನಿಜವಾದ ಜೋಳಿಗೆಯವನ ಮೇಲೆ ಕೈಯೆತ್ತಿದರು.

ಸುದ್ದಿಗೆ ಮುಖವಿದ್ದ ಕಾಲ

ಹಳ್ಳಿಯ ಬದುಕಿನಲ್ಲಿ ಹೊರಗಿನ ಸುದ್ದಿಯನ್ನು ತರುತ್ತಿದ್ದವರು ಯಾರು? ಎತ್ತಿನೊಡನೆ ಬಂದು ಒಕ್ಕಲು ಮನೆತನಗಳ ವಂಶಾವಳಿಯನ್ನು ಒಪ್ಪಿಸುವ ಹೆಳವರು, ನಸುಕಿನಲ್ಲಿ ಬಂದು ಭವಿಷ್ಯ ನುಡಿಯುವ ಬುಡುಬುಡಿಕೆಯವರು, ಹಗಲುವೇಷದವರು, ದುರುಗಮುರುಗಿಯವರು, ಸುಡುಗಾಡು ಸಿದ್ಧರು, ಕಣಿ ಹೇಳುವ ಕೊರವಂಜಿಯರು, ಕಿನ್ನರಿ ಜೋಗಿಗಳು. ಇವರು ಹೊರಗಿನವರೇ. ಆದರೆ ವರ್ಷಕ್ಕೊಮ್ಮೆ ನಿಯತವಾಗಿ ಬರುವ ಹೊರಗಿನವರು. ಇವರ ಮಾತನ್ನೆಲ್ಲ ಜನ ನಂಬುತ್ತಿದ್ದರೆಂದಲ್ಲ. ಬುಡುಬುಡಿಕೆಯವನ ಮಾತಿನ ಕುರಿತು ಹಾಸ್ಯವೂ ಬೇಕಾದಷ್ಟಿತ್ತು. ಮುಖ್ಯವಾದದ್ದು, ಸುದ್ದಿಗೆ ಒಂದು ಮುಖವಿತ್ತು. ಹೆಳವನು ತಪ್ಪು ವಂಶಾವಳಿ ಹೇಳಿದರೆ ಮನೆಯ ಹಿರಿಯರು ಅಲ್ಲಿಯೇ ತಿದ್ದುತ್ತಿದ್ದರು. ಮುಂದಿನ ವರ್ಷ ಅದೇ ಜಗಲಿಗೆ ಬರಬೇಕಾದವನು ಸುಳ್ಳಿಗೆ ಹೊಣೆಯಾಗಬೇಕಿತ್ತು.

ಈ ವ್ಯವಸ್ಥೆ ನ್ಯಾಯಸಮ್ಮತವಾಗಿತ್ತೆಂದು ಭಾವಿಸಬೇಕಿಲ್ಲ. ಅಲೆಮಾರಿಗಳನ್ನು ಸಂಶಯದಿಂದ ಕಾಣುವ ಪ್ರವೃತ್ತಿ ಅಂದೂ ಇತ್ತು. ೧೮೭೧ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಅನೇಕ ಸಮುದಾಯಗಳಿಗೆ ಹುಟ್ಟಿನಿಂದಲೇ ಕಳಂಕ ಹಚ್ಚಿತು. ೧೯೫೨ರಲ್ಲಿ ಆ ಕಾಯಿದೆ ರದ್ದಾದರೂ ಕಳಂಕ ಜನಮನದಲ್ಲಿ ಉಳಿಯಿತು. ೨೦೧೮ರ ವದಂತಿ ಹೊತ್ತಿಕೊಂಡದ್ದು ಇಂಥ ಹಳೆಯ ಅನುಮಾನದ ಮೇಲೆಯೇ. ಇಂದು ಅಲೆಮಾರಿ ಕಲಾವಿದ ಅಪರಿಚಿತ ಊರಿಗೆ ಕಾಲಿಡಲು ಅಂಜಬೇಕಾಗಿದೆ. ಅವನು ಊರಿಗೆ ಬರದಿದ್ದರೆ ಒಂದು ಮನೆತನದ ವಂಶಾವಳಿ, ಒಂದು ಕಥನಕಾವ್ಯ, ಒಂದು ವಾದ್ಯದ ನಾದ ಅಲ್ಲಿಗೇ ನಿಲ್ಲುತ್ತದೆ. ವದಂತಿ ಹೀಗೆ ಮನುಷ್ಯರ ಜೊತೆಗೆ ಪರಂಪರೆಯನ್ನೂ ಕೊಲ್ಲುತ್ತದೆ.

ಮಾಧ್ಯಮಗಳ ಹೊಣೆ

ಮುಖವಿಲ್ಲದ ಸುದ್ದಿಗೆ ಮುಖ ಒದಗಿಸಬೇಕಾದದ್ದು ಪತ್ರಿಕೆ ಮತ್ತು ದೂರದರ್ಶನ ವಾಹಿನಿಗಳ ಕರ್ತವ್ಯ. ಆದರೆ ಅವೂ ಅನೇಕ ಸಲ ಗಾಳಿಮಾತಿನ ವಾಹಕಗಳಾಗಿವೆ. ೨೦೧೬ರ ನವೆಂಬರಿನಲ್ಲಿ ನೋಟು ಅಮಾನ್ಯೀಕರಣದ ಬಳಿಕ, ಹೊಸ ೨೦೦೦ ರೂಪಾಯಿ ನೋಟಿನಲ್ಲಿ ಭೂಮಿಯಡಿ ಹುಗಿದರೂ ಪತ್ತೆಹಚ್ಚಬಲ್ಲ ಚಿಪ್ ಇದೆ ಎಂಬ ಮಾತನ್ನು ಕೆಲವು ಸುದ್ದಿವಾಹಿನಿಗಳು ಗಂಭೀರವಾಗಿಯೇ ಪ್ರಸಾರ ಮಾಡಿದವು. ರಿಸರ್ವ್ ಬ್ಯಾಂಕ್ ಪ್ರಕಟಿಸಿದ್ದ ನೋಟಿನ ಲಕ್ಷಣಗಳ ಪಟ್ಟಿಯಲ್ಲಿ ಅಂಥದೇನೂ ಇರಲಿಲ್ಲ. ಎತ್ತು ಈಯಿತು ಎಂದವರೂ ಕೊಟ್ಟಿಗೆಗೆ ಕಟ್ಟು ಎಂದವರೂ ಇಲ್ಲಿ ಒಬ್ಬರೇ ಆದರು.

ಸುಳ್ಳು ಸುದ್ದಿ ನಿಜ ಸುದ್ದಿಗಿಂತ ವೇಗವಾಗಿ ಓಡುತ್ತದೆ ಎಂಬುದಕ್ಕೆ ಸಂಶೋಧನೆಯ ಆಧಾರವೂ ಇದೆ. ೨೦೦೬ರಿಂದ ೨೦೧೭ರವರೆಗೆ ಟ್ವಿಟರ್‌ನಲ್ಲಿ ಹರಡಿದ ಸುಮಾರು ೧,೨೬,೦೦೦ ಸುದ್ದಿಗಳನ್ನು ಪರಿಶೀಲಿಸಿದ ಅಮೆರಿಕದ ಅಧ್ಯಯನವೊಂದು ೨೦೧೮ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಸುಳ್ಳು ಸುದ್ದಿಗಳು ಮರುಹಂಚಿಕೆಯಾಗುವ ಸಂಭವ ಶೇಕಡ ೭೦ರಷ್ಟು ಹೆಚ್ಚು ಎಂದು ಅದು ಕಂಡುಕೊಂಡಿತು. ಅವುಗಳಲ್ಲಿನ ಹೊಸತನ, ಅವು ಕೆರಳಿಸುವ ಅಚ್ಚರಿ ಮತ್ತು ಜುಗುಪ್ಸೆಗಳತ್ತ ಆ ಸಂಶೋಧಕರು ಬೊಟ್ಟುಮಾಡಿದರು. ಅದ್ಭುತ ಮತ್ತು ಬೀಭತ್ಸಗಳು ಕೇಳುಗರನ್ನು ಸೆಳೆಯುವ ಬಗೆ ಕಥನಕಲೆಯನ್ನು ಬಲ್ಲವರಿಗೆ ಹೊಸ ಸಂಗತಿಯೇನಲ್ಲ.

ಕಾನೂನು ಮತ್ತು ತಂತ್ರಜ್ಞಾನದ ಕಡೆಯಿಂದ ಕೆಲವು ಕ್ರಮಗಳು ಆಗಿವೆ. ೨೦೧೮ರ ಜುಲೈ ೧೭ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಗುಂಪುಹತ್ಯೆಗಳನ್ನು ತಡೆಯಲು ಪ್ರತಿ ಜಿಲ್ಲೆಗೂ ಹಿರಿಯ ಪೊಲೀಸ್ ಅಧಿಕಾರಿಯೊಬ್ಬರನ್ನು ಹೊಣೆಗಾರರನ್ನಾಗಿ ನೇಮಿಸುವಂತೆ ನಿರ್ದೇಶಿಸಿತು. ವಾಟ್ಸಾಪ್ ಸಂಸ್ಥೆ ಅದೇ ತಿಂಗಳು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸುವ ಮಿತಿಯನ್ನು ಪ್ರಕಟಿಸಿತು. ಇವು ಪ್ರವಾಹಕ್ಕೆ ಕಟ್ಟಿದ ಒಡ್ಡುಗಳು. ಕೇಳುವ ಕಿವಿಯನ್ನು ಸಿದ್ಧಗೊಳಿಸುವ ಕೆಲಸ ಶಿಕ್ಷಣದ್ದು.

ವಿಮರ್ಶನ ಶಿಕ್ಷಣದ ದಾರಿಗಳು

೧೯೭೬ರ ೪೨ನೆಯ ತಿದ್ದುಪಡಿಯ ಮೂಲಕ ಸೇರಿದ ಸಂವಿಧಾನದ ೫೧ಎ ವಿಧಿಯು ವೈಜ್ಞಾನಿಕ ಮನೋಭಾವ, ಮಾನವೀಯತೆ, ಜಿಜ್ಞಾಸೆಗಳನ್ನು ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು ಹೇಳುತ್ತದೆ. ಅದೇ ವರ್ಷ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರಿಶೀಲಿಸಲು ಸಮಿತಿಯೊಂದನ್ನು ರಚಿಸಿದರು. ಪ್ರಶ್ನಿಸದೆ ಒಪ್ಪಬಾರದೆಂಬ ಅವರ ನಿಲುವು ಕರ್ನಾಟಕದ ಶೈಕ್ಷಣಿಕ ಚಿಂತನೆಯಲ್ಲಿ ಬಲವಾದ ಮಾದರಿಯಾಗಿದೆ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯೂ ವಿಮರ್ಶಾತ್ಮಕ ಚಿಂತನೆಯನ್ನು ಶಿಕ್ಷಣದ ಗುರಿಗಳಲ್ಲಿ ಒಂದೆಂದು ಹೇಳಿದೆ. ಆದರೆ ಗುರಿಯನ್ನು ಹೇಳುವುದು ಬೇರೆ, ತರಗತಿಯಲ್ಲಿ ಅದನ್ನು ಕಲಿಸುವುದು ಬೇರೆ. ಕೇರಳದ ಕಣ್ಣೂರು ಜಿಲ್ಲಾಡಳಿತವು ಸುಮಾರು ೧೫೦ ಸರ್ಕಾರಿ ಶಾಲೆಗಳಲ್ಲಿ ಸುಳ್ಳು ಸುದ್ದಿಯನ್ನು ಗುರುತಿಸುವ ಪಾಠಗಳನ್ನು ೨೦೧೮ರಲ್ಲಿ ನಡೆಸಿದ್ದು ಈ ದಿಕ್ಕಿನ ಮೊದಲ ಯತ್ನಗಳಲ್ಲೊಂದು.

ಇಂಥ ಶಿಕ್ಷಣ ಫಲ ಕೊಡುತ್ತದೆಯೇ ಎಂಬುದಕ್ಕೆ ಬಿಹಾರದಲ್ಲಿ ನಡೆದ ಎರಡು ಪ್ರಯೋಗಗಳು ಉತ್ತರ ನೀಡುತ್ತವೆ. ೨೦೧೯ರ ಲೋಕಸಭಾ ಚುನಾವಣೆಯ ಕಾಲದಲ್ಲಿ ಸುಮಿತ್ರಾ ಬದ್ರಿನಾಥನ್ ಅವರು ವಯಸ್ಕರಿಗೆ ಸುಮಾರು ಒಂದು ಗಂಟೆಯ ತರಬೇತಿ ನೀಡಿ ಪರೀಕ್ಷಿಸಿದರು. ಒಟ್ಟಾರೆ ಗುರುತರವಾದ ಸುಧಾರಣೆ ಕಾಣಲಿಲ್ಲ. ಒಂದು ಪಕ್ಷಕ್ಕೆ ಒಲಿದವರಲ್ಲಂತೂ ತಮ್ಮ ಒಲವಿಗೆ ಹೊಂದುವ ಸುಳ್ಳನ್ನು ಗುರುತಿಸುವ ಶಕ್ತಿ ಇನ್ನೂ ಕುಗ್ಗಿತು. ನಂತರ ಅವರು ಇತರ ಸಂಶೋಧಕರೊಡನೆ ಸೇರಿ, ಬಿಹಾರ ಸರ್ಕಾರದ ಸಹಯೋಗದಲ್ಲಿ, ೫೮೩ ಗ್ರಾಮಗಳ ೧೩,೫೦೦ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಒಳಗೊಂಡ ಪ್ರಯೋಗ ನಡೆಸಿದರು. ತರಗತಿಯ ಪಾಠದಂತೆ ವಾರಗಟ್ಟಲೆ ಮುಂದುವರಿದ ಈ ಶಿಕ್ಷಣವು ಫಲ ಕೊಟ್ಟಿತು. ತಿಂಗಳುಗಳ ನಂತರವೂ ಅದರ ಪರಿಣಾಮ ಉಳಿದಿತ್ತು. ಮಕ್ಕಳ ಮೂಲಕ ತಂದೆತಾಯಿಗಳಿಗೂ ತಲುಪಿತ್ತು. ಇದರಿಂದ ಎರಡು ವಿಷಯಗಳು ಸ್ಪಷ್ಟವಾಗುತ್ತವೆ. ಒಂದು ದಿನದ ಕಾರ್ಯಾಗಾರದಿಂದ ಹಗೆತನದ ಬೇರು ಅಲುಗುವುದಿಲ್ಲ. ಪಕ್ಷನಿಷ್ಠೆ ಗಟ್ಟಿಯಾಗುವ ಮೊದಲೇ, ಎಳೆಯ ವಯಸ್ಸಿನಲ್ಲಿ, ನಿಧಾನವಾಗಿ ಕಲಿಸಿದ್ದು ಉಳಿಯುತ್ತದೆ.

ಎಳವೆಯಲ್ಲಿ ನಿಧಾನವಾಗಿ ಕಲಿಸುವ ಸಾಧನಗಳು ಜಾನಪದದಲ್ಲಿ ಹೇರಳವಾಗಿವೆ. ಮೂರು ಉದಾಹರಣೆಗಳನ್ನು ಇಲ್ಲಿ ನೋಡಬಹುದು.

ಒಂದು, ಪಂಚತಂತ್ರ ಪರಂಪರೆಯ ಮೂವರು ಠಕ್ಕರ ಕಥೆ. ಮೇಕೆಯನ್ನು ಹೊತ್ತು ಬರುತ್ತಿದ್ದ ಬ್ರಾಹ್ಮಣನಿಗೆ ಮೂವರು ಬೇರೆಬೇರೆ ಕಡೆ ಎದುರಾಗಿ, ಹೊತ್ತದ್ದು ನಾಯಿ ಎನ್ನುತ್ತಾರೆ. ಮೂರನೆಯವನ ಮಾತು ಕೇಳಿದಾಗ ಅವನು ಹೆಗಲ ಮೇಲಿನ ಮೇಕೆಯನ್ನು ಬಿಟ್ಟು ಹೋಗುತ್ತಾನೆ. ಬೇರೆಬೇರೆ ಬಾಯಿಗಳಿಂದ ಬಂದದ್ದು ಬೇರೆಬೇರೆ ಸಾಕ್ಷಿಯಲ್ಲ, ಮೂವರೂ ಒಂದೇ ಗುಂಪಿನವರಾಗಿರಬಹುದು ಎಂಬ ಪಾಠ ಇಲ್ಲಿದೆ. ಹತ್ತು ಗುಂಪುಗಳಿಂದ ಬಂದ ಒಂದೇ ಸಂದೇಶವನ್ನು ಹತ್ತು ಪುರಾವೆಗಳೆಂದು ಎಣಿಸುವವರಿಗೆ ಇದಕ್ಕಿಂತ ಸರಳವಾದ ಪಾಠ ದೊರೆಯಲಾರದು. ಹನ್ನೊಂದನೆಯ ಶತಮಾನದ ದುರ್ಗಸಿಂಹನ ಕನ್ನಡ ಪಂಚತಂತ್ರದಲ್ಲಿ ‘ಪರೀಕ್ಷೆ’ ಎಂಬುದೇ ಒಂದು ಪ್ರಕರಣದ ಹೆಸರಾಗಿರುವುದು ಇಲ್ಲಿ ಸ್ಮರಣೀಯ.

ಎರಡು, ಮುಂಗುಸಿಯ ಕಥೆ. ರಕ್ತಸಿ‌ಕ್ತವಾದ ಬಾಯಿಯೊಡನೆ ಎದುರುಗೊಂಡ ಮುಂಗುಸಿಯನ್ನು ಮಗುವಿನ ಕೊಲೆಗಾರನೆಂದು ತಿಳಿದು ಕೊಂದ ಮೇಲೆ, ತೊಟ್ಟಿಲ ಬಳಿ ಸತ್ತ ಹಾವು ಕಾಣುತ್ತದೆ. ಮಗುವಿನ ಮೇಲಿನ ಮಮತೆಯೇ ಮಗುವನ್ನು ಉಳಿಸಿದವನನ್ನು ಕೊಲ್ಲಿಸುತ್ತದೆ. ಮಕ್ಕಳ ಕಳ್ಳರ ವದಂತಿಗೆ ಕೈಯೆತ್ತಿದ ಗುಂಪುಗಳಲ್ಲಿದ್ದವರೂ ತಮ್ಮ ಮಕ್ಕಳನ್ನು ರಕ್ಷಿಸುತ್ತಿದ್ದೇವೆಂದೇ ನಂಬಿದ್ದರು. ರಕ್ತದ ಕಲೆ ನಿಜ, ಅದರಿಂದ ತೆಗೆದ ನಿರ್ಣಯ ಸುಳ್ಳು. ಕಂಡದ್ದಕ್ಕೂ ಊಹಿಸಿದ್ದಕ್ಕೂ ಇರುವ ಅಂತರವನ್ನು ಮಕ್ಕಳು ಈ ಕಥೆಯಿಂದ ಅರಿಯಬಲ್ಲರು.

ಮೂರು, ದದ್ದಭ ಜಾತಕದ ಮೊಲದ ಕಥೆ. ಭೂಮಿ ನಾಶವಾದರೆ ತನ್ನ ಗತಿಯೇನೆಂದು ಮೊಲವೊಂದು ಚಿಂತಿಸುತ್ತಿರುವಾಗಲೇ ಬೇಲದ ಜಾತಿಯ ಬಿಲ್ವದ ಹಣ್ಣೊಂದು ತಾಳೆಯ ಗರಿಯ ಮೇಲೆ ಬೀಳುತ್ತದೆ. ಮೊಲ ಓಡುತ್ತದೆ, ಅದನ್ನು ಕಂಡು ಇತರ ಮೊಲಗಳು, ಜಿಂಕೆ, ಹಂದಿ, ಹುಲಿ, ಆನೆಗಳೆಲ್ಲ ಓಡುತ್ತವೆ. ಸಿಂಹ ಅವನ್ನು ತಡೆದು ನಿಲ್ಲಿಸಿ, ಕಂಡವರು ಯಾರೆಂದು ಒಬ್ಬೊಬ್ಬರನ್ನೇ ಕೇಳುತ್ತ ಹಿಂದೆ ಹಿಂದೆ ಸಾಗಿ, ಕೊನೆಗೆ ಆ ಮೊಲವನ್ನು ಬೆನ್ನ ಮೇಲೆ ಕೂರಿಸಿಕೊಂಡು ಹಣ್ಣು ಬಿದ್ದ ಜಾಗಕ್ಕೇ ಹೋಗಿ ನೋಡುತ್ತದೆ. ಹಣ್ಣು ಬೀಳುವ ಮೊದಲೇ ಮೊಲದ ಮನಸ್ಸಿನಲ್ಲಿ ಭಯವಿತ್ತು ಎಂಬ ವಿವರ ಜಮುನಾ ಪ್ರಸಾದರ ಸಾಮಗ್ರಿಯಿಂದ ಹೊರಟ ತೀರ್ಮಾನವನ್ನು ಮುಂಚಿತವಾಗಿಯೇ ಕಾಣಿಸುತ್ತದೆ. ಸಿಂಹದ ನಡೆಯಲ್ಲಿ ವಿಮರ್ಶನದ ಪೂರ್ಣ ಕ್ರಮವಿದೆ: ಓಟವನ್ನು ನಿಲ್ಲಿಸುವುದು, ಹೇಳಿದವರಿಂದ ಕಂಡವರವರೆಗೆ ಹಿಂದಕ್ಕೆ ಹೋಗುವುದು, ಸ್ಥಳವನ್ನು ಪರೀಕ್ಷಿಸುವುದು, ಕಂಡದ್ದನ್ನು ಎಲ್ಲರಿಗೂ ತಿಳಿಸುವುದು. ಸಿಂಹ ಮೊಲವನ್ನು ಶಿಕ್ಷಿಸುವುದಿಲ್ಲ, ಹಾಸ್ಯ ಮಾಡುವುದೂ ಇಲ್ಲ ಎಂಬುದು ಇನ್ನೂ ಮುಖ್ಯ. ಹೆದರಿದವನನ್ನು ಅವಮಾನಿಸಿದರೆ ಅವನು ತನ್ನ ಭಯವನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಳ್ಳುತ್ತಾನೆ.

ಇವಲ್ಲದೆ ಒಗಟು ಬಿಡಿಸುವ ಆಟ ಒಂದು ಮಾತಿಗೆ ಹಲವು ಅರ್ಥ ಸಾಧ್ಯವೆಂಬುದನ್ನು ಕಲಿಸುತ್ತದೆ. ಬೇತಾಳನ ಕಥೆಗಳು ಪ್ರಶ್ನೆಯಲ್ಲಿಯೇ ಮುಗಿಯುತ್ತವೆ. ಕಿವಿಯಿಂದ ಕಿವಿಗೆ ಮಾತು ದಾಟಿಸುವ ಮಕ್ಕಳ ಆಟ ಆಲ್‌ಪೋರ್ಟರ ಪ್ರಯೋಗದ ತದ್ರೂಪವೇ ಆಗಿದೆ. ಇವನ್ನು ಪಠ್ಯಕ್ರಮದಲ್ಲಿ ಸೇರಿಸಲು ಹೆಚ್ಚಿನ ವೆಚ್ಚವಾಗಲಿ ಯಂತ್ರವಾಗಲಿ ಬೇಕಿಲ್ಲ. ಶಿಕ್ಷಕರಿಗೆ ತಕ್ಕ ತರಬೇತಿ ಮಾತ್ರ ಬೇಕು.

ಸಮಾರೋಪ

ವಿಮರ್ಶನ ಶಿಕ್ಷಣವೆಂದರೆ ಎಲ್ಲವನ್ನೂ ಅನುಮಾನಿಸುವುದನ್ನು ಕಲಿಸುವುದಲ್ಲ. ಏನನ್ನೂ ನಂಬದವನು ಎಲ್ಲವನ್ನೂ ನಂಬುವವನಷ್ಟೇ ಸುಲಭವಾಗಿ ಮೋಸಹೋಗುತ್ತಾನೆ. ತನಗೆ ಇಷ್ಟವಾದದ್ದನ್ನು ಆರಿಸಿಕೊಳ್ಳಲು ಅವನಿಗೆ ಯಾವ ಅಡ್ಡಿಯೂ ಇರುವುದಿಲ್ಲ. ಎದುರಾಳಿಯ ಸುಳ್ಳನ್ನು ಹುಡುಕುವುದು ಸುಲಭ. ತನ್ನ ಕಡೆಯವರ ಮಾತನ್ನು, ತನಗೆ ಹಿತವೆನಿಸಿದ ಸುದ್ದಿಯನ್ನು ಅಷ್ಟೇ ನಿಷ್ಠುರವಾಗಿ ಪರೀಕ್ಷಿಸುವುದೇ ಈ ಶಿಕ್ಷಣದ ಸಾರ್ಥಕತೆ.

ಈ ಕಾರ್ಯದಲ್ಲಿ ಜಾನಪದ ವಿದ್ವಾಂಸರಿಗೂ ಸಂಸ್ಥೆಗಳಿಗೂ ನಿರ್ದಿಷ್ಟ ಹೊಣೆಗಳಿವೆ. ವದಂತಿಗಳನ್ನು ಅವು ಹರಡುವ ಕಾಲದಲ್ಲಿಯೇ ಊರು, ದಿನಾಂಕ, ಪಾಠಾಂತರಗಳೊಡನೆ ಸಂಗ್ರಹಿಸಬೇಕು. ಹಳೆಯ ಆಶಯ ಹೊಸ ವೇಷದಲ್ಲಿ ಬಂದಾಗ ಗುರುತಿಸಿ ಸಾರ್ವಜನಿಕರಿಗೆ ತಿಳಿಸಬೇಕು. ಅಲೆಮಾರಿ ಸಮುದಾಯಗಳ ಪರಿಚಯವನ್ನು ಶಾಲೆಯ ಪುಸ್ತಕಗಳಿಗೆ ತರಬೇಕು. ಪರಿಚಿತನಾದವನನ್ನು ಜನ ಕಳ್ಳನೆಂದು ಹೊಡೆಯುವ ಮೊದಲು ಒಮ್ಮೆಯಾದರೂ ಹೆಸರು ಕೇಳುತ್ತಾರೆ. ಎತ್ತು ಈಯಿತೆಂಬ ಸುದ್ದಿ ಬಂದಾಗ ಹಗ್ಗ ಹಿಡಿದು ಓಡುವ ಬದಲು, ಕಂಡವರು ಯಾರೆಂದು ಕೇಳುವ ಒಬ್ಬನಾದರೂ ಪ್ರತಿ ಜಗಲಿಯಲ್ಲಿರಬೇಕು. ರೈನ್‌ಪಾಡಾದಲ್ಲಿ ಮತ್ತು ಮುರ್ಕಿಯಲ್ಲಿ ಆ ಒಂದು ಪ್ರಶ್ನೆಗೆ ಗುಂಪು ಕಿವಿಗೊಟ್ಟಿದ್ದರೆ ಆರು ಜೀವಗಳು ಉಳಿಯುತ್ತಿದ್ದವು.